ಹಂದಿ ಫಾರಂ ಕೆಳಗಿನ ಮಣ್ಣು

ಚೆಕ್ ದೇಶದ ದಕ್ಷಿಣ ಬೊಹೀಮಿಯಾದಲ್ಲಿ ಲೆಟಿ ಅಂತ ಒಂದು ಹಳ್ಳಿ. ಆ ಹಳ್ಳಿಯ ಮಗ್ಗುಲಲ್ಲಿ 1970ರ ದಶಕದಲ್ಲಿ ಒಂದು ಹಂದಿ ಫಾರಂ ಎದ್ದಿತು. ನಾಲ್ಕಾರು ಹಂದಿಗಳ ಗೂಡಲ್ಲ ಅದು, ಸುಮಾರು 13,000 ಹಂದಿಗಳ ಕಾರ್ಖಾನೆ. ಅದು ನಿಂತ ನೆಲದಲ್ಲಿ 1942-43ರಲ್ಲಿ ರೋಮಾ ಜನರನ್ನು ಕೂಡಿಹಾಕಿದ್ದ ಶಿಬಿರವಿತ್ತು. ಸತ್ತವರನ್ನು ಅಲ್ಲೇ ಪಕ್ಕದಲ್ಲಿ ಗುಂಡಿ ತೋಡಿ ಹೂತಿದ್ದರು. ಫಾರಂ ಕಟ್ಟಿದವರಿಗೆ ಇದು ಗೊತ್ತಿರಲಿಲ್ಲವೆ? ಮೂವತ್ತು ವರ್ಷದ ಹಿಂದಿನ ಮಾತು ಅಷ್ಟೆ. ಊರಿನಲ್ಲಿ ನೋಡಿದವರು ಬದುಕಿದ್ದರು. ಕಡತಗಳು ಸರ್ಕಾರದ ಕಪಾಟಿನಲ್ಲೇ ಇದ್ದವು. ಗೊತ್ತಿತ್ತು. ಗೊತ್ತಿದ್ದೂ ಕಟ್ಟಿದರು. ಯಾಕಂದ್ರೆ ಕೆಳಗೆ ಮಲಗಿದ್ದವರು ರೋಮಾಗಳು. ಎದ್ದು ಬಂದು ಕೇಳುವ ಜನ ಅಲ್ಲ.

ಇದನ್ನ ಓದಿದ ದಿನ ನನಗೆ ನಮ್ಮ ಕಾಲೇಜಿನ ಚರಿತ್ರೆ ತರಗತಿ ನೆನಪಾಯಿತು. ಎರಡನೇ ಮಹಾಯುದ್ಧ ಅಂದ್ರೆ ಐದು ಕಾರಣ, ಐದು ಪರಿಣಾಮ. ಹಿಟ್ಲರ್ ಕೆಟ್ಟವನು, ಯಹೂದಿಗಳನ್ನು ಕೊಂದ, ಸೋತ. ಹತ್ತು ಅಂಕ. ರೋಮಾ ಅನ್ನೋ ಶಬ್ದ ಮೂರು ವರ್ಷದಲ್ಲಿ ಒಂದು ಸಲವೂ ನನ್ನ ಕಿವಿಗೆ ಬೀಳಲಿಲ್ಲ. ನನ್ನ ಅವ್ವ ಅಪ್ಪ ಹೆಬ್ಬೆಟ್ಟು ಒತ್ತಿದವರು. ನಮ್ಮ ಮನೆಯಲ್ಲಿ ಮೊದಲು ಡಿಗ್ರಿ ತಗೊಂಡವನು ನಾನು. ಆ ಡಿಗ್ರಿಯೊಳಗೆ ನನ್ನಂಥವರೇ ಇರಲಿಲ್ಲ, ಇನ್ನು ಅವರೆಲ್ಲಿ ಇರ್ತಾರೆ ಬಿಡಿ.

ರೋಮಾ ಅಂದ್ರೆ ಯಾರು? ಜಿಪ್ಸಿಗಳು ಅಂತ ಲೋಕ ಕರೆಯಿತಲ್ಲ, ಅವರು. ಆ ಹೆಸರು ಅವರಿಗೆ ಬೈಗುಳ. ಸುಮಾರು ಸಾವಿರ ವರ್ಷದ ಹಿಂದೆ ಈ ನಮ್ಮ ನೆಲದಿಂದಲೇ ಪಶ್ಚಿಮಕ್ಕೆ ಹೋದವರು ಅಂತ ಅವರ ಭಾಷೆ ಹೇಳುತ್ತೆ. ನೀರಿಗೆ ಪಾನಿ ಅಂತಾರೆ. ಮನುಷ್ಯನಿಗೆ ಮನುಷ್ ಅಂತಾರೆ. ಕಮ್ಮಾರಿಕೆ, ಕುದುರೆ ವ್ಯಾಪಾರ, ವಾದ್ಯ ಊದೋದು, ಇಂಥ ಕಸುಬು ಮಾಡುತ್ತಾ ಯುರೋಪಿನ ಊರುಗಳ ಹೊರಗೆ ಬೀಡುಬಿಟ್ಟು ಬದುಕಿದರು. ಊರ ಹೊರಗೆ ಅನ್ನೋದು ಏನು ಅಂತ ಈ ಪತ್ರಿಕೆ ಓದುವವರಿಗೆ ನಾನು ವಿವರಿಸಬೇಕಾಗಿಲ್ಲ.

ಹಿಟ್ಲರ್ ಬರುವ ಮೊದಲೇ ಅವರಿಗೆ ಪಟ್ಟಿ ಇತ್ತು. 1927ರಲ್ಲೇ ಚೆಕೊಸ್ಲೊವಾಕಿಯಾ, ಆಗ ಅದು ಒಳ್ಳೆಯ ಪ್ರಜಾಪ್ರಭುತ್ವ ಅಂತ ಹೆಸರು ಮಾಡಿದ ದೇಶ, ಅಲೆಮಾರಿ ಜಿಪ್ಸಿಗಳ ಮೇಲೆ ಕಾನೂನು ತಂದು ಬೆರಳಚ್ಚು ಒತ್ತಿಸಿ ಬೇರೆಯ ಗುರುತು ಚೀಟಿ ಕೊಟ್ಟಿತು. ಬ್ರಿಟಿಷರು 1871ರಲ್ಲಿ ಇಲ್ಲಿ ಅಪರಾಧಿ ಬುಡಕಟ್ಟುಗಳ ಕಾಯಿದೆ ಮಾಡಿ ಹುಟ್ಟಿದ ಮಗುವನ್ನೇ ಕಳ್ಳ ಅಂತ ರಿಜಿಸ್ಟರಿನಲ್ಲಿ ಬರೆದುಕೊಂಡರಲ್ಲ, ಅದೇ ಜಾತಿಯ ಕಾನೂನು. ಕೊಲ್ಲುವವನು ಬಂದಾಗ ಪಟ್ಟಿ ತಯಾರಾಗಿ ಕೂತಿತ್ತು.

ಈಗ ಲೆಟಿಯ ಒಳಗೆ ಹೋಗೋಣ. ಯಾಕಂದ್ರೆ ಜಗಳ ಇರೋದು ಅಲ್ಲಿ.

ಕೆಲಸ ಮಾಡದೆ ತಿರುಗುವವರನ್ನು ಹಿಡಿದು ದುಡಿಸುವ ಶಿಬಿರ ಬೇಕು ಎಂದು ಸರ್ಕಾರಿ ಆದೇಶ ಹೊರಟಿದ್ದು 1939ರ ಮಾರ್ಚ್ 2ರಂದು. ಜರ್ಮನ್ ಸೈನ್ಯ ಪ್ರಾಗ್ ನಗರಕ್ಕೆ ನುಗ್ಗಿದ್ದು ಮಾರ್ಚ್ 15ರಂದು. ಈ ಎರಡು ತಾರೀಖು ಪಕ್ಕಪಕ್ಕ ಇಟ್ಟು ನೋಡಿ. 1940ರಲ್ಲಿ ಶಿಬಿರ ತೆರೆಯಿತು. 1942ರ ಆಗಸ್ಟಿನಲ್ಲಿ ಅದು ಜಿಪ್ಸಿ ಶಿಬಿರವಾಯಿತು. ಗಂಡಸು, ಹೆಂಗಸು, ಬಾಣಂತಿ, ಮುದುಕರು, ಮೊಲೆಗೂಸು, ಒಟ್ಟು ಸುಮಾರು 1,300 ಜನ ಅದರೊಳಗೆ ಹಾದುಹೋದರು. ಮರದ ಗೂಡುಗಳಲ್ಲಿ ತುರುಕಿದರು. ಕಾಡಲ್ಲಿ ಮರ ಕಡಿಸಿದರು, ಕಲ್ಲು ಒಡೆಸಿದರು. ಆ ಚಳಿಗಾಲದಲ್ಲಿ ವಿಷಮಜ್ವರ ಬಂತು. 300ಕ್ಕೂ ಹೆಚ್ಚು ಜನ ಸತ್ತರು, ಹೆಚ್ಚಿನವರು ಮಕ್ಕಳು. ಅಲ್ಲೇ ಹುಟ್ಟಿದ ಕೂಸುಗಳಲ್ಲಿ ಉಳಿದವು ಇಲ್ಲವೇ ಇಲ್ಲ ಅನ್ನಬಹುದು. 500ಕ್ಕೂ ಹೆಚ್ಚು ಜನರನ್ನು ಔಷ್‌ವಿಟ್ಸ್‌ಗೆ ಸಾಗಿಸಿದರು. 1943ರಲ್ಲಿ ಶಿಬಿರ ಮುಚ್ಚಿ ಗೂಡುಗಳಿಗೆ ಬೆಂಕಿ ಇಟ್ಟರು. ಯುದ್ಧಕ್ಕೆ ಮೊದಲು ಬೊಹೀಮಿಯಾ ಮೊರೇವಿಯಾದಲ್ಲಿ ಸುಮಾರು 6,500 ರೋಮಾಗಳಿದ್ದರು. ಶಿಬಿರಗಳಿಂದ ವಾಪಸ್ ಬಂದವರು 600 ಜನ ಇಲ್ಲ.

ಕಾವಲು ಕಾದವರು ಯಾರು? ಜರ್ಮನರಲ್ಲ. ಚೆಕ್ ಪೊಲೀಸರು. ಶಿಬಿರದ ಮುಖ್ಯಾಧಿಕಾರಿ ಚೆಕ್. ಯುದ್ಧ ಮುಗಿದ ಮೇಲೆ ಅವನನ್ನು ಹಿಡಿದರು, ಶಿಕ್ಷೆ ಇಲ್ಲದೆ ಬಿಟ್ಟರು. ಅಪ್ಪಣೆ ಬರ್ಲಿನ್ನಿನಿಂದ ಬಂದಿರಬಹುದು, ಬೀಗದ ಕೈ ಮಾತ್ರ ನೆರೆಮನೆಯವನ ಸೊಂಟದಲ್ಲಿತ್ತು. ಲೆಟಿಯನ್ನು ಉಳಿಸಲು ಯಾರಿಗೂ ಮನಸ್ಸಿರಲಿಲ್ಲ ಅಂದ್ರೆ ಕಾರಣ ಇಲ್ಲೇ ಇದೆ. ನಾಜಿ ಅನ್ನೋ ಶಬ್ದ ಬಹಳ ಅನುಕೂಲದ್ದು. ಪಾಪವನ್ನೆಲ್ಲ ಒಬ್ಬ ಸತ್ತ ಮೀಸೆಯವನ ತಲೆಗೆ ಕಟ್ಟಿ ಮಿಕ್ಕವರು ಕೈ ತೊಳ್ಕೊಬಹುದು. ಆದರೆ ಜಾಗ ಬಿಡಲ್ಲ. ಈ ಗೇಟಿಗೆ ಯಾರು ನಿಂತಿದ್ದರು, ಈ ಊಟದ ಲೆಕ್ಕ ಯಾರು ಬರೆದರು, ಮಕ್ಕಳ ಪಾಲಿನ ಹಾಲು ಎಲ್ಲಿ ಹೋಯಿತು ಅಂತ ಜಾಗ ಕೇಳುತ್ತೆ. ಅದಕ್ಕೇ ಜಾಗ ಇರಬಾರದು.

ಸ್ವಾಮಿ, ಹಳೇ ಗಾಯ ಯಾಕೆ ಕೆದಕ್ತೀರಿ ಅನ್ನುವ ದೊಡ್ಡವರು ಎಲ್ಲ ದೇಶದಲ್ಲೂ ಇದ್ದಾರೆ. ಗಾಯ ಹಳೇದಾಗೋದು ಹೊಡೆದವನಿಗೆ. 2016ರಲ್ಲಿ ಚೆಕ್ ದೇಶದ ಹಣಕಾಸು ಸಚಿವರಾಗಿದ್ದ ಆಂದ್ರೇ ಬಾಬಿಶ್, ಲೆಟಿ ಅಂಥ ಶಿಬಿರವೇನಲ್ಲ, ದುಡಿಯದವರನ್ನು ಇಟ್ಟಿದ್ದ ಕೆಲಸದ ಶಿಬಿರ ಎಂಬ ಅರ್ಥದಲ್ಲಿ ಮಾತಾಡಿದರು. ಗಲಾಟೆ ಆದಮೇಲೆ ಕ್ಷಮೆ ಕೇಳಿದರು, ಆಮೇಲೆ ಪ್ರಧಾನಿಯೂ ಆದರು. ಮೊಲೆಗೂಸು ಎಷ್ಟು ಗಂಟೆ ದುಡೀಬೇಕಿತ್ತು ಅಂತ ಅವರನ್ನು ಯಾರೂ ಕೇಳಿದಂತಿಲ್ಲ. ನೆಲದ ಮೇಲೆ ಗುರುತಿಲ್ಲದ ಕಡೆ ಇಂಥ ಮಾತು ಸುಲಭವಾಗಿ ಬೆಳೆಯುತ್ತೆ.

ನಮ್ಮ ಎಡಪಂಥದ ಗೆಳೆಯರಿಗೂ ಒಂದು ಮಾತು, ಬೇಜಾರು ಮಾಡ್ಕೊಬೇಡಿ. ಆ ಹಂದಿ ಫಾರಂ ಕಟ್ಟಿಸಿದ್ದು ಬಂಡವಾಳಶಾಹಿ ಅಲ್ಲ, ಕೆಂಪು ಬಾವುಟದ ಸರ್ಕಾರ. ಅದೇ ಸರ್ಕಾರ ನಾಜಿಗಳು 1942ರಲ್ಲಿ ಸುಟ್ಟ ಲಿಡಿತ್ಸೆ ಹಳ್ಳಿಯ ಸ್ಮಾರಕವನ್ನು ಜೋಪಾನ ಮಾಡಿತು. ತೆರೆಜಿನ್ ಕೋಟೆಯ ಜೈಲನ್ನೂ ಕಾಪಾಡಿತು. ಆದರೆ ಅದೇ ತೆರೆಜಿನ್‌ನಲ್ಲಿ ಯಹೂದಿಗಳ ಘೆಟ್ಟೋ ಬಗ್ಗೆ ಮ್ಯೂಸಿಯಂ ತೆರೆದಿದ್ದು 1991ರಲ್ಲಿ, ಆ ಸರ್ಕಾರ ಬಿದ್ದ ಮೇಲೆ. ಅಲ್ಲಿಯವರೆಗೆ ಆ ಕಟ್ಟಡದಲ್ಲಿ ಪೊಲೀಸರ ಮತ್ತು ಕ್ರಾಂತಿಯ ಪರಂಪರೆಯ ಮ್ಯೂಸಿಯಂ ಇತ್ತು. ಫ್ಯಾಸಿಸಂ ವಿರುದ್ಧ ಹೋರಾಡಿ ಸತ್ತವರಿಗೆ ಕಲ್ಲು ನೆಟ್ಟರು. ಹುಟ್ಟಿದ್ದಕ್ಕಾಗಿ ಸತ್ತವರಿಗೆ ಜಾಗ ಇರಲಿಲ್ಲ. ವರ್ಗದ ಲೆಕ್ಕದಲ್ಲಿ ರೋಮಾ ಯಾವ ಕಾಲಂಗೂ ಸೇರಲಿಲ್ಲ. ಇದು ನಮಗೆ ಹೊಸ ವಿಚಾರವೇನಲ್ಲ, ಅಲ್ವಾ? ಫಾರಂ ಎದ್ದ ಅದೇ ದಶಕದಲ್ಲಿ ರೋಮಾ ಹೆಂಗಸರಿಗೆ ದುಡ್ಡಿನ ಆಸೆ ತೋರಿಸಿ, ಹೆದರಿಸಿ, ಎಷ್ಟೋ ಸಲ ಹೇಳದೆ ಕೇಳದೆ, ಮಕ್ಕಳಾಗದ ಆಪರೇಷನ್ ಮಾಡಿಸಿದರು. ಅದಕ್ಕೆ ಪರಿಹಾರ ಕೊಡುವ ಕಾನೂನು ಬಂದಿದ್ದು 2021ರಲ್ಲಿ. ಸತ್ತವರ ಮೇಲೆ ಫಾರಂ, ಹುಟ್ಟಬೇಕಾದವರ ಮೇಲೆ ಕತ್ತರಿ.

ಆ ಸರ್ಕಾರ 1989ರಲ್ಲಿ ಹೋಯಿತು. ಫಾರಂ ಹೋಗಲಿಲ್ಲ. ಖಾಸಗಿಯವರ ಕೈಗೆ ಬಂತು. 1995ರಲ್ಲಿ ಅಧ್ಯಕ್ಷ ವಾಸ್ಲಾವ್ ಹಾವೆಲ್ ಬಂದು ಪಕ್ಕದಲ್ಲಿ ಒಂದು ಸ್ಮಾರಕ ಅನಾವರಣ ಮಾಡಿದರು. ಹಾವೆಲ್ ಅಂದ್ರೆ ಸಾಮಾನ್ಯ ರಾಜಕಾರಣಿ ಅಲ್ಲ, ನಾಟಕಕಾರ, ಜೈಲಿಗೆ ಹೋಗಿ ಬಂದವರು. ಭಾಷಣ ಆಯಿತು, ಹೂ ಇಟ್ಟರು. ಗಾಳಿ ಬೀಸಿದಾಗಲೆಲ್ಲ ಫಾರಂ ವಾಸನೆ ಸ್ಮಾರಕದ ಮೇಲೆ ಬಂತು. 2005ರಲ್ಲಿ ಯುರೋಪಿನ ಪಾರ್ಲಿಮೆಂಟ್ ಆ ಫಾರಂ ತೆಗೀರಿ ಎಂದು ನಿರ್ಣಯ ಮಾಡಿತು. ತೆಗೀಲಿಲ್ಲ. ದುಡ್ಡಿಲ್ಲ ಅಂದರು.

ಇಲ್ಲಿ ಒಂದು ವಿಷಯ ಸ್ಪಷ್ಟ ಮಾಡಬೇಕು. ಹಂದಿ ಅಂದ್ರೆ ನನಗೆ ಹೇಸಿಗೆ ಇಲ್ಲ. ಹಂದಿಗಳ ಜೊತೆ ಒಂದೇ ಕೇರಿಯಲ್ಲಿ ಬೆಳೆದವನು ನಾನು, ತಿಂದವನು. ಈ ಸುದ್ದಿ ಕೇಳಿ ಮೂಗು ಮುಚ್ಚಿಕೊಂಡು ಛೆ ಛೆ ಸ್ಮಶಾನ ಮೈಲಿಗೆ ಆಯ್ತು ಅನ್ನುವ ಮಡಿವಂತರ ಸಾಲಿನಲ್ಲಿ ನಾನು ನಿಲ್ಲಲ್ಲ. ಮನೆಗೆ ಹೋದಾಗ ಅವ್ವನಿಗೆ ಇದನ್ನೆಲ್ಲ ಹೇಳಿದೆ. ಅವಳು ಹೇಳಿದ್ದು ಇಷ್ಟು: "ಹಂದಿ ಏನ್ ಮಾಡ್ತಪ್ಪ ಪಾಪ. ಕಟ್ಟಿದೋನ್ಗೆ ಕಣ್ ಇರ್ಲಿಲ್ವಾ?" ಆಮೇಲೆ ಕೇಳಿದಳು, "ಆ ಕೂಸುಗಳ್ನ ಹೂತಿದ್ ಜಾಗ ಗುರ್ತೈತಂತಾ?" ನನಗಿಂತ ಮುಂಚೆ ಹುಟ್ಟಿದ ಒಂದು ಹೆಣ್ಣುಮಗು ಅವಳಿಗೆ ಹನ್ನೊಂದು ತಿಂಗಳಿಗೆ ಹೋಗಿತ್ತು. ನಮ್ಮವರ ಮಣ್ಣು ಮಾಡುತ್ತಿದ್ದ ಕೆರೆಯಂಗಳದ ಮೇಲೆ ಈಗ ರಸ್ತೆ ಇದೆ. ಅವಳ ಪ್ರಶ್ನೆ ಮ್ಯೂಸಿಯಂ ನೋಡುವವರ ಪ್ರಶ್ನೆ ಅಲ್ಲ. ಬರೆದಿಟ್ಟ ದಾಖಲೆ ಇಲ್ಲದವರಿಗೆ, ಪಹಣಿಯಲ್ಲಿ ಹೆಸರಿಲ್ಲದವರಿಗೆ, ನಾವು ಇದ್ದೆವು ಅನ್ನೋದಕ್ಕೆ ಮಣ್ಣು ಬಿಟ್ಟರೆ ಬೇರೆ ಸಾಕ್ಷಿ ಎಲ್ಲಿದೆ? ಆ ಮಣ್ಣನ್ನೂ ಮುಚ್ಚಿದರೆ ಕೊಂದವನ ಕಡತ ಮಾತ್ರ ಉಳಿಯುತ್ತೆ. ಆ ಕಡತದಲ್ಲಿ ನಾವು ಸೋಮಾರಿಗಳು, ಕಳ್ಳರು, ರೋಗ ಹರಡುವವರು.

ಉಳಿಸಿದ ಜಾಗ ಏನು ಮಾಡುತ್ತೆ ಅಂತ ನೋಡಬೇಕಾದರೆ ಜರ್ಮನಿಯ ಡಖಾವ್‌ಗೆ ಬನ್ನಿ. 1933ರಲ್ಲಿ ನಾಜಿಗಳು ತೆರೆದ ಶಿಬಿರ. ಅದೇನು ಸರ್ಕಾರದ ದಯೆಯಿಂದ ಉಳಿಯಲಿಲ್ಲ. ಯುದ್ಧದ ನಂತರ ಅದರ ಗೂಡುಗಳಲ್ಲಿ ನಿರಾಶ್ರಿತರನ್ನು ಇಟ್ಟಿದ್ದರು. ಹೆಣ ಸುಡುವ ಒಲೆ ಇದ್ದ ಕಟ್ಟಡವನ್ನೇ ಕೆಡವಿಬಿಡಿ ಎಂದ ರಾಜಕಾರಣಿಯೂ ಅಲ್ಲಿದ್ದ. ಬದುಕುಳಿದ ಕೈದಿಗಳು ಸಂಘ ಕಟ್ಟಿ, ಹಟ ಹಿಡಿದು, 1965ರಲ್ಲಿ ಅದನ್ನು ಸ್ಮಾರಕ ಮಾಡಿಸಿದರು. ಈಗ ಕೇಳಿ. ಜರ್ಮನಿಯ ಅತ್ಯುನ್ನತ ಸಿವಿಲ್ ನ್ಯಾಯಾಲಯ 1956ರಲ್ಲಿ ತೀರ್ಪು ಕೊಟ್ಟಿತ್ತು: 1943ಕ್ಕೆ ಮೊದಲು ಜಿಪ್ಸಿಗಳನ್ನು ಗಡಿಪಾರು ಮಾಡಿದ್ದು ಜನಾಂಗದ್ವೇಷ ಅಲ್ಲ, ಅವರ ನಡತೆಯ ಕಾರಣಕ್ಕೆ ಅಂತ. ಅಂದ್ರೆ ಪರಿಹಾರ ಇಲ್ಲ. ಮೈ ಮೇಲೆ ಔಷ್‌ವಿಟ್ಸ್ ನಂಬರು ಹೊತ್ತವರು ಕಚೇರಿಯಿಂದ ಕಚೇರಿಗೆ ಅಲೆದರು. 1963ರಲ್ಲಿ ಆ ತೀರ್ಪನ್ನು ಅಷ್ಟಿಷ್ಟು ತಿದ್ದಿದರು. ಅಷ್ಟರಲ್ಲಿ ಎಷ್ಟೋ ಜನ ಸತ್ತೇ ಹೋಗಿದ್ದರು.

1980ರ ಈಸ್ಟರ್ ಹಬ್ಬದ ಹೊತ್ತಿಗೆ ಜರ್ಮನಿಯ ಸಿಂತಿಗಳು, ರೋಮಾಗಳ ಒಡಹುಟ್ಟಿದ ಜನ, ಡಖಾವ್ ಸ್ಮಾರಕದೊಳಗೆ ಬಂದು ಉಪವಾಸ ಕೂತರು. ಹನ್ನೆರಡು ಜನ. ಅವರಲ್ಲಿ ಶಿಬಿರಗಳನ್ನು ಕಂಡು ಬದುಕಿ ಬಂದ ಮುದುಕರಿದ್ದರು. ನಾಜಿ ಕಾಲದಲ್ಲಿ ನಮ್ಮನ್ನು ಅಳೆದು ತೂಗಿ ಬರೆದ ಕಡತಗಳು ಯುದ್ಧದ ನಂತರವೂ ಪೊಲೀಸರ ಕೈಯಲ್ಲಿ ಕೆಲಸ ಮಾಡಿದವು, ಅವು ಎಲ್ಲಿವೆ ಹೇಳಿ ಎಂದರು. ಇದೇ ಉಪವಾಸವನ್ನು ಯಾವುದೋ ಬೀದಿಯಲ್ಲಿ ಕೂತಿದ್ದರೆ ಪೊಲೀಸರು ಎಬ್ಬಿಸಿ ಕಳಿಸುತ್ತಿದ್ದರು. ಡಖಾವ್‌ನಲ್ಲಿ ಕೂತವರನ್ನು, ಶಿಬಿರ ಕಂಡ ಮುದುಕರನ್ನು, ಜರ್ಮನ್ ಪೊಲೀಸ್ ಹೇಗೆ ಎತ್ತಿ ಹೊರಗೆ ಹಾಕುತ್ತೆ? ಪ್ರಪಂಚದ ಪತ್ರಿಕೆಯವರು ಬಂದರು. ಎರಡು ವರ್ಷದಲ್ಲಿ, 1982ರ ಮಾರ್ಚಿನಲ್ಲಿ, ಚಾನ್ಸೆಲರ್ ಹೆಲ್ಮುಟ್ ಶ್ಮಿಟ್ ಇದು ಜನಾಂಗ ಹತ್ಯೆ ಎಂದು ಬಾಯಿಬಿಟ್ಟು ಹೇಳಬೇಕಾಯಿತು. ಮೂವತ್ತೇಳು ವರ್ಷದ ನಂತರ.

ಜಾಗ ಉಳಿಸಿ ಅಂತ ನಾನು ಕೂಗೋದು ಇದಕ್ಕೆ. ಕಣ್ಣೀರು ಹಾಕಲಿಕ್ಕೆ ನಮಗೆ ಜಾಗ ಬೇಕಿಲ್ಲ, ಅದನ್ನು ಎಲ್ಲಿ ಬೇಕಾದರೂ ಹಾಕ್ತೀವಿ. ಧರಣಿ ಕೂರಲಿಕ್ಕೆ ಜಾಗ ಬೇಕು. ಡಖಾವ್ ಉಳಿದಿತ್ತು, ಸಿಂತಿಗಳಿಗೆ ಕೂರಲು ನೆಲ ಸಿಕ್ಕಿತು. ಲೆಟಿಯ ರೋಮಾಗಳು ಎಲ್ಲಿ ಕೂರಬೇಕಿತ್ತು, ಹಂದಿ ಮೇವಿನ ತೊಟ್ಟಿ ಮೇಲೆ?

ಇನ್ನು ಜಾಗವನ್ನು ಉಪಯೋಗಕ್ಕೆ ತರೋಣ, ವ್ಯರ್ಥ ಯಾಕೆ ಅನ್ನುವ ಲೆಕ್ಕಾಚಾರದವರು. ಹ್ಯಾಂಬರ್ಗ್ ನಗರದವರು ನೊಯೆನ್‌ಗಾಮೆ ಶಿಬಿರವನ್ನು 1948ರಿಂದ ಜೈಲು ಮಾಡಿಕೊಂಡಿದ್ದರು. ಬೇಲಿ ಇದೆ, ಗೋಡೆ ಇದೆ, ಖರ್ಚು ಉಳೀತು. ಕೊನೆಯ ಜೈಲು ಅಲ್ಲಿಂದ ಹೋಗುವಷ್ಟರಲ್ಲಿ 2006 ಬಂದಿತ್ತು. ಅನುಕೂಲ ಅನ್ನೋದಕ್ಕೆ ನಾಚಿಕೆ ಇಲ್ಲ.

ಸತ್ತವರಿಗೆ ಯಾಕೆ ಕೋಟಿ ಸುರೀತೀರಿ, ಬದುಕಿರುವ ರೋಮಾ ಮಕ್ಕಳಿಗೆ ಶಾಲೆ ಕೊಡಿ ಅನ್ನುವ ವಾದ ಇದೆಯಲ್ಲ, ಅದು ಕೇಳೋಕೆ ಸಿಹಿ. ನಾನೂ ಒಂದು ಕ್ಷಣ ತಡವರಿಸಿದೆ, ಸುಳ್ಳು ಹೇಳಲ್ಲ. ಹೊಟ್ಟೆಗೆ ಇಲ್ಲದವನಿಗೆ ಕಲ್ಲಿನ ಕಂಬ ಯಾಕೆ? ಆದರೆ ಆ ಮಾತು ಹೇಳಿದ ದೇಶ ಶಾಲೆ ಕೊಟ್ಟಿತಾ? ಚೆಕ್ ದೇಶದ ಓಸ್ಟ್ರಾವಾ ನಗರದಲ್ಲಿ ರೋಮಾ ಮಕ್ಕಳನ್ನು ಬುದ್ಧಿಮಾಂದ್ಯರಿಗೆಂದು ಮಾಡಿದ ವಿಶೇಷ ಶಾಲೆಗಳಿಗೆ ತಳ್ಳುತ್ತಿದ್ದರು. ಹದಿನೆಂಟು ಮಕ್ಕಳ ಕಡೆಯವರು ಯುರೋಪಿನ ಮಾನವ ಹಕ್ಕು ನ್ಯಾಯಾಲಯಕ್ಕೆ ಹೋದರು. 2007ರ ನವೆಂಬರಿನಲ್ಲಿ ನ್ಯಾಯಾಲಯ ಇದು ತಾರತಮ್ಯವೇ ಎಂದು ತೀರ್ಪು ಕೊಟ್ಟಿತು. ಓದುತ್ತಿರುವ ಮೇಷ್ಟ್ರುಗಳೇ, ಕೊನೇ ಬೆಂಚು ನಿಮಗೆ ಗೊತ್ತು. ಅಲ್ಲಿ ಬೆಂಚು ಅಲ್ಲ, ಶಾಲೆಯನ್ನೇ ಬೇರೆ ಮಾಡಿದ್ದರು. ಸತ್ತ ಕೂಸಿನ ಗುಂಡಿ ಮೇಲೆ ಫಾರಂ ನಡೆಸಲು ಒಪ್ಪಿದ ಸಮಾಜಕ್ಕೆ ಬದುಕಿರುವ ಕೂಸನ್ನು ಪೆದ್ದ ಅಂತ ಬರೆಯುವುದು ಕಷ್ಟವೇ?

ಫಾರಂ ಕೊನೆಗೂ ಹೋಯಿತು. ತಾನಾಗಿ ಹೋಗಲಿಲ್ಲ. ಶಿಬಿರದಿಂದ ಬದುಕುಳಿದವರ ಮಗ ಚೆನ್ಯೆಕ್ ರೂಜಿಚ್ಕಾ ಮತ್ತು ಅವರ ಜೊತೆಗಾರರು ವರ್ಷವರ್ಷವೂ ಅಲ್ಲಿಗೆ ಬಂದು, ಆ ವಾಸನೆಯಲ್ಲೇ ನಿಂತು, ಸತ್ತವರನ್ನು ನೆನೆದರು. ಇಪ್ಪತ್ತು ವರ್ಷಕ್ಕೂ ಮೇಲೆ. 2017ರಲ್ಲಿ ಸರ್ಕಾರ ಸುಮಾರು 45 ಕೋಟಿ ಕ್ರೌನ್‌ಗೆ ಫಾರಂ ಕೊಳ್ಳಲು ಒಪ್ಪಿತು. ಬ್ರನೋ ನಗರದಲ್ಲಿರುವ ರೋಮಾ ಸಂಸ್ಕೃತಿಯ ಮ್ಯೂಸಿಯಂ ಕೈಗೆ ಜಾಗ ಬಂತು. ಪುರಾತತ್ವದವರು ಅಗೆದರು. 2019ರಲ್ಲಿ ಗೋರಿಗಳು ಸಿಕ್ಕವು. ಅವ್ವನ ಪ್ರಶ್ನೆಗೆ ಉತ್ತರ ಸಿಗಲು 76 ವರ್ಷ. 2022ರಲ್ಲಿ ಫಾರಂ ಕೆಡವಿದರು. ಆ ವರ್ಷದ ಕೊನೆಯಲ್ಲಿ ರೂಜಿಚ್ಕಾ ತೀರಿಕೊಂಡರು. 2024ರಲ್ಲಿ ಸ್ಮಾರಕ ತೆರೆದಾಗ ಅವರು ಇರಲಿಲ್ಲ.

ಹಾಗಂತ ಯುರೋಪ್ ಬುದ್ಧಿ ಕಲಿತಿದೆ ಅಂತ ನಾನು ನಂಬಿಲ್ಲ. ಬರ್ಲಿನ್‌ನಲ್ಲಿ ಪಾರ್ಲಿಮೆಂಟಿನ ಪಕ್ಕ ಸಿಂತಿ ಮತ್ತು ರೋಮಾಗಳ ಸ್ಮಾರಕ ತೆರೆದಿದ್ದು 2012ರಲ್ಲಿ. ಎಂಟು ವರ್ಷ ತುಂಬಿರಲಿಲ್ಲ, ಅದರ ಕೆಳಗೆ ನಗರ ರೈಲಿನ ಸುರಂಗ ತೋಡುವ ಯೋಜನೆ ಬಂತು. 2020ರಲ್ಲಿ ರೋಮಾಗಳು ಮತ್ತೆ ಬೀದಿಗಿಳಿದರು. ರೈಲು! ಅವರ ಅಜ್ಜ ಅಜ್ಜಿಯರನ್ನು ತುಂಬಿಕೊಂಡು ಹೋಗಿದ್ದೂ ರೈಲೇ.

ಇತ್ತ ನಮ್ಮಲ್ಲಿ ಅವರನ್ನು ಹಾಡಿ ಹೊಗಳುವವರೂ ಹುಟ್ಟಿಕೊಂಡಿದ್ದಾರೆ. 2016ರಲ್ಲಿ ದೆಹಲಿಯಲ್ಲಿ ರೋಮಾ ಸಮ್ಮೇಳನ ನಡೆದಾಗ ನಮ್ಮ ವಿದೇಶಾಂಗ ಸಚಿವೆ ಅವರನ್ನು ಭಾರತದ ಮಕ್ಕಳು ಎಂದು ಕರೆದರು. ಬಹಳ ಸಂತೋಷ. ಆದರೆ ಅವರನ್ನು ಕೊಲ್ಲಲು ನಾಜಿಗಳು ಎತ್ತಿದ ಶಬ್ದವೂ ಇಲ್ಲಿಂದ ಹೋದದ್ದೇ, ಆರ್ಯ. ರೋಮಾಗಳ ಭಾಷೆಯ ಬೇರು ಭಾರತದಲ್ಲಿದೆ ಅಂತ ಜರ್ಮನ್ ಪಂಡಿತರಿಗೆ ಚೆನ್ನಾಗಿ ಗೊತ್ತಿತ್ತು. ಹಾಗಿದ್ದರೆ ಇವರೇ ಆರ್ಯರಾಗಬೇಕಲ್ಲ? ಅದಕ್ಕೊಂದು ದಾರಿ ಕಂಡುಹಿಡಿದರು. ರಾಬರ್ಟ್ ರಿಟ್ಟರ್ ಎಂಬ ಡಾಕ್ಟರು ಮೂಗು ತಲೆ ಅಳೆದು, ಇವರಲ್ಲಿ ಹತ್ತರಲ್ಲಿ ಒಂಬತ್ತು ಪಾಲು ಬೆರಕೆ ರಕ್ತದವರು, ಬೆರಕೆಯಾದ್ದರಿಂದಲೇ ಕೆಟ್ಟವರು ಎಂದು ಬರೆದ. ವರ್ಣಸಂಕರ ಎಂಬ ಮಾತು ಕೇಳಿ ಬೆಳೆದವರಿಗೆ ಈ ಶಾಸ್ತ್ರದ ವಾಸನೆ ತಕ್ಷಣ ಹತ್ತುತ್ತೆ. ಭಾರತದ ಮಕ್ಕಳು ಅಂತ ಎದೆ ತಟ್ಟುವವರು ಲೆಟಿಯ ಫಾರಂ ವಿಚಾರಕ್ಕೆ ಅಷ್ಟು ವರ್ಷ ಎಲ್ಲಿದ್ದರು?

ತ್ಸಿಲ್ಲಿ ಶ್ಮಿಟ್ ಎಂಬ ಸಿಂತಿ ಹೆಂಗಸು ಹುಟ್ಟಿದ್ದು 1924ರಲ್ಲಿ. ಲೆಟಿ ಶಿಬಿರಕ್ಕೆ ಅವಳನ್ನು ತಂದರು, ಬೇಲಿ ತಪ್ಪಿಸಿ ಓಡಿದಳು. ಮತ್ತೆ ಹಿಡಿದರು. ಔಷ್‌ವಿಟ್ಸ್‌ಗೆ ಹಾಕಿದರು. ಅಲ್ಲಿಗೆ ಸಾಗಿಸಿದ ಸುಮಾರು 23,000 ರೋಮಾ ಸಿಂತಿಗಳಲ್ಲಿ ಸುಮಾರು 21,000 ಜನ ಸತ್ತರು. 1944ರ ಆಗಸ್ಟ್ 2ರಂದು ದುಡಿಯಬಲ್ಲವರನ್ನು ಬೇರೆ ರೈಲಿಗೆ ಹತ್ತಿಸಿದರು, ಅವಳನ್ನೂ. ಆ ರಾತ್ರಿ ಉಳಿದವರನ್ನು, ಸುಮಾರು 4,300 ಮಕ್ಕಳು, ಮುದುಕರು, ಕಾಯಿಲೆಯವರನ್ನು, ವಿಷಾನಿಲದ ಕೋಣೆಗೆ ನೂಕಿದರು. ಅವಳ ಅಪ್ಪ ಅಮ್ಮ ಅದರಲ್ಲಿದ್ದರು, ಮಗಳೂ ಇದ್ದಳು. ಆ ತಾಯಿ 2022ರವರೆಗೆ ಬದುಕಿದ್ದಳು. ಅಂದ್ರೆ ಲೆಟಿಯ ಮೇಲೆ ಫಾರಂ ಏಳುವುದನ್ನೂ ಬೀಳುವುದನ್ನೂ ಅವಳ ಒಂದೇ ಆಯಸ್ಸು ಕಂಡಿತು.

ಹಳ್ಳಿ ಶಾಲೆಗಳ ಮೇಷ್ಟ್ರುಗಳೇ, ಮೇಡಂಗಳೇ, ಪಠ್ಯಪುಸ್ತಕದಲ್ಲಿ ಇದು ಬರಲಿ ಅಂತ ಕಾಯಬೇಡಿ. ಆಗಸ್ಟ್ 2ಕ್ಕೆ ಶಾಲೆ ಇರುತ್ತೆ. ಪ್ರಾರ್ಥನೆ ಮುಗಿದ ಮೇಲೆ ಹತ್ತು ನಿಮಿಷ ತಗೊಳ್ಳಿ. ಭೂಪಟ ಇದ್ದರೆ ಬೊಹೀಮಿಯಾ ಎಲ್ಲಿದೆ ತೋರಿಸಿ. ಬೋರ್ಡಿನ ಮೇಲೆ ಲೆಟಿ ಎಂದು ಬರೆಯಿರಿ. ಅದರ ಕೆಳಗೆ ತ್ಸಿಲ್ಲಿಯ ಮಗಳ ಹೆಸರು ಬರೆಯಿರಿ: ಗ್ರೇಟೆಲ್, ವಯಸ್ಸು 4.